ಬೋಳು ಮನೆ

ಡಚ್ ಭಾಷೆಯಲ್ಲಿ ನಾನು ಮೊದಲು ಸರಿಯಾಗಿ ಕಲಿತ ಪದ ‘ಕಾಲ್’. ಬೋಳು ಅಂತ ಅರ್ಥ. ಕೂದಲಿಲ್ಲದ ತಲೆಗೂ ಅದೇ ಪದ, ಬಾಡಿಗೆಗಿರುವ ಮನೆಗೂ ಅದೇ ಪದ. ಜಾಹೀರಾತಿನಲ್ಲಿ ಇದನ್ನು ಮೊದಲು ಓದಿದಾಗ, ಓ, ಮಂಚ ಕುರ್ಚಿ ಇರಲ್ಲ ಅಷ್ಟೇ ತಾನೇ, ನಮ್ಮೂರಲ್ಲೂ ಹಾಗೇ ಅಲ್ವಾ ಅಂದುಕೊಂಡೆ. ಬೋಳು ಅಂದರೆ ಎಷ್ಟು ಬೋಳು ಅನ್ನುವುದು ಕೀಲಿ ಕೈಗೆ ಬಂದ ದಿನ ಗೊತ್ತಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಾವು ನೆದರ್‌ಲ್ಯಾಂಡ್ಸ್‌ಗೆ ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಇವರ ಕಂಪನಿ ಕೆಲವು ತಿಂಗಳಿಗೆ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ಸಾಮಾನು ಸಮೇತ ಒಂದು ಫ್ಲ್ಯಾಟ್ ಕೊಟ್ಟಿತ್ತು. ಆಮ್‌ಸ್ಟೆಲ್‌ವೇನ್ ಅಂದರೆ ನಮ್ಮವರಿಗೆ ಕಷ್ಟವೇ ಇಲ್ಲದ ಊರು. ಕರಿಬೇವು ಸಿಗುತ್ತದೆ, ಪಾರ್ಕಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲೇ ಇದ್ದುಬಿಡೋಣ ಅಂತ ಬಾಡಿಗೆ ವಿಚಾರಿಸಿದೆವು. ವಿಚಾರಿಸಿ ಸುಮ್ಮನಾದೆವು. ಹಾಗೆ ಹುಡುಕುತ್ತಾ ಹೂಫ್‌ಡಾರ್ಪ್ ಕಡೆ ಕಣ್ಣು ಹೋಯಿತು. ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಮುಂದಿನ ನಿಲ್ದಾಣ. ಕಾಲುವೆ, ಸಾಲು ಮನೆ, ಸೈಕಲ್ ದಾರಿ, ಸಂಜೆ ಎಂಟಾದ ಮೇಲೆ ಬೀದಿಯಲ್ಲಿ ನರಪಿಳ್ಳೆ ಇಲ್ಲ.

ಅರಸೀಕೆರೆಯಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಮ್ಯಾಪ್ ತೆಗೆದು ನೋಡಿ, ಅದರ ಇತಿಹಾಸವನ್ನೂ ಓದಿಕೊಂಡು, ಮಾರನೇ ದಿನ ಫೋನ್ ಮಾಡಿದರು.

“ಅದು ಕೆರೆ ಅಂಗಳ ಕಣಮ್ಮಾ. ಕೆರೆ ಅಂಗಳದಲ್ಲಿ ಯಾರಾದ್ರೂ ಮನೆ ಮಾಡ್ತಾರಾ?”

ಅವರು ಹೇಳಿದ್ದು ನಿಜವೇ. ಹೂಫ್‌ಡಾರ್ಪ್ ಇರುವ ಹಾರ್ಲೆಮ್ಮರ್‌ಮೇರ್ ಅನ್ನುವುದು ದೊಡ್ಡ ಸರೋವರವಾಗಿತ್ತು. ಮೂರು ಉಗಿ ಯಂತ್ರದ ಪಂಪ್‌ಹೌಸ್ ಇಟ್ಟು ನೀರೆತ್ತಿ, 1852ಕ್ಕೆ ಅದನ್ನು ಪೂರ್ತಿ ಬತ್ತಿಸಿದರು. ಈಗಲೂ ಊರು ಸಮುದ್ರ ಮಟ್ಟಕ್ಕಿಂತ ಸುಮಾರು ನಾಲ್ಕು ಮೀಟರ್ ಕೆಳಗಿದೆ. ಇಲ್ಲಿನ ಒಂದು ಬಡಾವಣೆಯ ಹೆಸರೇ ‘ಖ್ರಾನ್ ಫೋರ್ ಫಿಸ್’, ಅಂದರೆ ಮೀನಿನ ಬದಲು ಕಾಳು. ಮೀನು ಹಿಡಿಯುತ್ತಿದ್ದ ಜಾಗದಲ್ಲಿ ಗೋಧಿ ಬೆಳೆದರು ಅಂತ. ಮೆಜೆಸ್ಟಿಕ್ ಬಸ್ ನಿಲ್ದಾಣವೂ ಧರ್ಮಾಂಬುಧಿ ಕೆರೆಯಲ್ಲೇ ಇರೋದು ಅಲ್ವಾ ಅಪ್ಪಾ ಅಂದೆ. “ಮಳೆ ಬಂದಾಗ ಅಲ್ಲಿ ಹೋಗಿ ನಿಂತ್ಕೊಂಡು ಹೇಳು” ಅಂದರು. ಇಲ್ಲಿ ಪಂಪ್ ಇಂದಿಗೂ ಓಡುತ್ತಿದೆ, ಅದಕ್ಕೆ ಅಂತ ನೀರು ನಿರ್ವಹಣೆ ಮಂಡಳಿಗೆ ನಾವು ಬೇರೆ ತೆರಿಗೆ ಕಟ್ಟುತ್ತೇವೆ ಅಂತ ಆಗ ಗೊತ್ತಿದ್ದಿದ್ದರೆ ಹೇಳುತ್ತಿದ್ದೆ.

ಮನೆ ಹುಡುಕುವುದು ಅಂದರೆ ಫೋನ್ ಹಿಡಿದುಕೊಂಡು ಕೂರುವುದು. ಫುಂಡಾ, ಪರಾರಿಯಸ್ ಅನ್ನುವ ಮನೆ ಹುಡುಕುವ ವೆಬ್‌ಸೈಟ್ ಎರಡರಲ್ಲೂ ಅಲರ್ಟ್ ಇಟ್ಟಿದ್ದೆ. ಪರಾರಿಯಸ್ ಅನ್ನುವ ಹೆಸರು ನನಗೆ ಕೊನೆಯವರೆಗೂ ‘ಪರಾರಿ’ ಅಂತಲೇ ಕೇಳಿಸುತ್ತಿತ್ತು, ಮನೆಗಳೂ ಹಾಗೇ ಪರಾರಿಯಾಗುತ್ತಿದ್ದವು. ಟಿಣ್ ಅಂದ ಹತ್ತು ನಿಮಿಷದಲ್ಲಿ ಅರ್ಜಿ ಹಾಕಿದರೂ ‘ಅರ್ಜಿಗಳು ಜಾಸ್ತಿ ಬಂದಿವೆ’ ಅಂತ ಉತ್ತರ. ನಲವತ್ತಕ್ಕೂ ಹೆಚ್ಚು ಮನೆಗೆ ಬರೆದಿದ್ದೇನೆ. ನೋಡಲು ಕರೆದಿದ್ದು ಏಳು.

ನೋಡುವುದು ಅಂದರೂ ಒಬ್ಬೊಬ್ಬರಿಗೆ ಹತ್ತು ನಿಮಿಷ. ಮಾಕೆಲಾರ್, ಅಂದರೆ ಏಜೆಂಟ್, ಬಾಗಿಲಲ್ಲಿ ನಿಂತಿರುತ್ತಾರೆ. ನಾವು ಹೋಗುವಾಗ ಹಿಂದಿನವರು ಹೊರಗೆ ಬರುತ್ತಾರೆ, ನಾವು ಬರುವಾಗ ಮುಂದಿನವರು ಮಳೆಯಲ್ಲಿ ಕಾಯುತ್ತಿರುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹೆಣ್ಣು ನೋಡಲು ಬಂದ ಎರಡು ಗಂಡಿನ ಕಡೆಯವರು ಗೇಟಿನಲ್ಲಿ ಎದುರಾದ ಹಾಗೆ.

ಮಧ್ಯೆ ಒಂದು ಸಲ ಮೋಸ ಹೋಗುವುದರಲ್ಲಿದ್ದೆವು. ಎರಡು ರೂಮು, ತೋಟ, 1,100 ಯೂರೋ. ಓನರ್ ಸ್ಪೇನ್‌ನಲ್ಲಿದ್ದಾರಂತೆ. ಎರಡು ತಿಂಗಳ ಅಡ್ವಾನ್ಸ್ ಕಳಿಸಿದರೆ ಕೀಲಿ ಕೊರಿಯರ್ ಮಾಡುತ್ತಾರಂತೆ. ಇಷ್ಟ ಆಗದಿದ್ದರೆ ದುಡ್ಡು ವಾಪಸ್ ಅಂತೆ. ಇವರು ಆಗಲೇ ಬ್ಯಾಂಕ್ ಆ್ಯಪ್ ತೆಗೆದಿದ್ದರು. “ರೀ, ಒಂದ್ನಿಮಿಷ ತಡೀರಿ” ಅಂದು ಆ ಅಡುಗೆಮನೆ ಫೋಟೋ ಹಾಕಿ ಹುಡುಕಿದೆ. ಅದೇ ಅಡುಗೆಮನೆ ಬೇರೆ ದೇಶದ ಹೋಟೆಲ್ ರೂಮಿನ ಜಾಹೀರಾತಿನಲ್ಲಿತ್ತು. ಆಮೇಲೆ ಮನೆಯೊಳಗೆ ಕಾಲಿಡದೆ ಯಾರಿಗೂ ಒಂದು ಸೆಂಟ್ ಕಳಿಸಬಾರದು ಅಂತ ನಾವೇ ಕಾನೂನು ಮಾಡಿಕೊಂಡೆವು.

ಡಿಸೆಂಬರ್ ಕೊನೆಗೆ ತೋಲೆನ್‌ಬುರ್ಖ್ ಬಡಾವಣೆಯಲ್ಲಿ ಒಂದು ಸಾಲು ಮನೆ ನೋಡಿದೆವು. ಕೆಳಗೆ ಹಾಲ್ ಮತ್ತು ಅಡುಗೆಮನೆ, ಮೇಲೆ ಮೂರು ರೂಮು, ಅದರ ಮೇಲೆ ಅಟ್ಟ. ಹಿಂದೆ ಪಂಚೆ ಹಾಸಿದಷ್ಟು ಅಗಲದ ತೋಟ, ತೋಟದ ಕೊನೆಗೆ ಸೈಕಲ್ ಇಡುವ ಮರದ ಗೂಡು, ಅದರ ಹಿಂದೆ ಎರಡು ಸಾಲಿನ ಮನೆಗಳ ನಡುವೆ ಒಂದು ಓಣಿ. ಮನೆಯ ಒಡೆತನ ಒಂದು ಪಿಂಚಣಿ ನಿಧಿಯದು. ಇಲ್ಲಿ ಪಿಂಚಣಿ ನಿಧಿಗಳು ಮನೆ ಕಟ್ಟಿಸಿ ಬಾಡಿಗೆಗೆ ಬಿಡುತ್ತವೆ. ಯಾರದೋ ಮುಪ್ಪಿನ ಖರ್ಚಿಗೆ ನಮ್ಮ ಬಾಡಿಗೆ. ತಿಂಗಳಿಗೆ 1,795 ಯೂರೋ, ಕಾಲ್.

ಹಳೇ ಬಾಡಿಗೆದಾರರು ಇನ್ನೂ ಅಲ್ಲೇ ಇದ್ದರು. ಅರವತ್ತು ದಾಟಿದ ಮನುಷ್ಯ, ಚಿಕ್ಕ ಮನೆಗೆ ಹೋಗುತ್ತಿದ್ದರು. ನೆಲಕ್ಕೆ ಓಕ್ ಬಣ್ಣದ ಲ್ಯಾಮಿನೇಟ್ ಹಾಕಿಸಿದ್ದರು. ಕಿಟಕಿಗೆ ಬೂದು ಕರ್ಟನ್. ಎರಡೂ ಚೆನ್ನಾಗಿದ್ದವು. ಹೊರಡುವಾಗ ಒಂದು ಪದ ಹೇಳಿದರು: ಓವರ್‌ನಾಮೆ. ನೆಲ, ಕರ್ಟನ್, ದೀಪ ಎಲ್ಲಾ ಸೇರಿ 900 ಯೂರೋ ಕೊಟ್ಟರೆ ಬಿಟ್ಟು ಹೋಗುತ್ತೇನೆ ಅಂದರು.

ಕಾರಿಗೆ ಬಂದ ಮೇಲೆ ನಾವಿಬ್ಬರೂ ನಕ್ಕೆವು. “ನೆಲ ಕಿತ್ಕೊಂಡು ಹೋಗ್ತಾರಾ ಯಾರಾದ್ರೂ? ಹೇಗಿದ್ರೂ ಬಿಟ್ಟೇ ಹೋಗ್ತಾರೆ ಬಿಡು” ಅಂದರು ಇವರು. ನನಗೂ ಹಾಗೇ ಅನಿಸಿತು. ಬೇಡ ಅಂತ ನಯವಾಗಿ ಬರೆದೆವು.

ಆಮೇಲೆ ಕಾಗದ ಪತ್ರದ ಕಾಲ. ಇಲ್ಲಿ ಮನೆ ಕೊಡುವುದು ಮನುಷ್ಯರಿಗಲ್ಲ, ಫೈಲಿಗೆ. ಮೂರು ತಿಂಗಳ ಸಂಬಳ ಚೀಟಿ. ಕೆಲಸ ಕಾಯಂ ಹೌದೋ ಅಲ್ಲವೋ ಅಂತ ಕಂಪನಿಯ ಪತ್ರ. ಸಂಬಳ ಬಂದಿದ್ದು ಕಾಣುವ ಬ್ಯಾಂಕ್ ಪುಟ. ಪಾಸ್‌ಪೋರ್ಟ್ ನಕಲು. ಅದನ್ನು ಹಾಗೇ ಸ್ಕ್ಯಾನ್ ಮಾಡಿ ಕಳಿಸಬೇಡಿ. ಸರ್ಕಾರದ್ದೇ ಕೋಪಿ ಐಡಿ ಅಂತ ಒಂದು ಆ್ಯಪ್ ಇದೆ, ಬೇಡದ ನಂಬರ್ ಮುಚ್ಚಿ, ಯಾರಿಗೆ ಯಾತಕ್ಕೆ ಕೊಟ್ಟಿದ್ದು ಅಂತ ಮೇಲೆ ಬರೆದು ಕಳಿಸಬಹುದು. ಸಂಬಳ ಬಾಡಿಗೆಯ ಮೂರರಷ್ಟು ಇರಬೇಕು ಅನ್ನುವುದು ಆ ಮನೆಯ ಷರತ್ತು, ಅಂದರೆ ತೆರಿಗೆ ಕಳೆಯುವ ಮುಂಚೆ 5,385. ಇವರದು ಅದನ್ನು ಸ್ವಲ್ಪ ದಾಟುತ್ತಿತ್ತು. ನೀವು ಸಸ್ಯಾಹಾರಿಗಳಾ, ಯಾವ ಜನ, ನೆಂಟರು ಎಷ್ಟು ಬರುತ್ತಾರೆ ಅಂತ ಯಾರೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ನೆಮ್ಮದಿ. ಆದರೆ ನೂರು ಯೂರೋ ಕಮ್ಮಿ ಇದ್ದಿದ್ದರೆ ಯಾವ ಮಾತಿಗೂ ಬಗ್ಗುವವರಲ್ಲ.

ಒಂದು ಪತ್ರ ಮಾತ್ರ ನಮ್ಮ ಹತ್ತಿರ ಇರಲಿಲ್ಲ. ಹಿಂದಿನ ಮನೆ ಮಾಲೀಕರಿಂದ ‘ಇವರು ಬಾಡಿಗೆ ಸರಿಯಾಗಿ ಕೊಟ್ಟಿದ್ದಾರೆ, ಗಲಾಟೆ ಮಾಡಿಲ್ಲ’ ಅನ್ನುವ ಪತ್ರ. ಕಂಪನಿ ಫ್ಲ್ಯಾಟಿನಲ್ಲಿ ಇದ್ದವರಿಗೆ ಅದು ಎಲ್ಲಿಂದ ಬರಬೇಕು? ಬೆಂಗಳೂರಿನ ಓನರ್ ಅಂಕಲ್‌ಗೆ ಫೋನ್ ಮಾಡಿದೆ. ಅವರಿಗೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟಿದ್ದೆವು. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದುಕೊಂಡಿದ್ದರು, ಆ ಕೋಪ ನನಗಿನ್ನೂ ಆರಿರಲಿಲ್ಲ. ಆದರೆ ಅಂಕಲ್ ಅರ್ಧ ಗಂಟೆಯಲ್ಲಿ ತಮ್ಮ ಹಾರ್ಡ್‌ವೇರ್ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ, ಸೀಲು ಸಹಿ ಸಮೇತ, ಇಂಗ್ಲಿಷಿನಲ್ಲಿ ಬರೆದು ವಾಟ್ಸಾಪ್ ಮಾಡಿದರು. ನಾಲ್ಕು ವರ್ಷದಲ್ಲಿ ಒಂದು ಮೊಳೆ ಕೂಡ ಕೇಳದೆ ಹೊಡೆದಿಲ್ಲ ಅಂತ ಬರೆದಿದ್ದರು. ಅದೊಂದು ಸುಳ್ಳು. ಮಾಕೆಲಾರ್‌ಗೆ ಕಳಿಸಿದೆವು. ಎರಡು ದಿನದ ಮೇಲೆ ಮನೆ ನಿಮ್ಮದು ಅಂತ ಮೇಲ್ ಬಂತು.

ಕರಾರನ್ನು ಅನುವಾದ ಮಾಡಿಕೊಂಡು ಒಂದು ಶನಿವಾರ ಪೂರ್ತಿ ಓದಿದೆ. ಮೊದಲ ಆಶ್ಚರ್ಯ ಅಂದರೆ ಅದಕ್ಕೆ ಕೊನೆಯ ದಿನಾಂಕವೇ ಇರಲಿಲ್ಲ. ನಮ್ಮ ಹನ್ನೊಂದು ತಿಂಗಳ ಕರಾರು ನೋಡಿದವಳಿಗೆ ಇದು ಏನೋ ಬಿಟ್ಟುಹೋಗಿದೆ ಅನಿಸಿತು. 2024ರ ಜುಲೈ 1ರಿಂದ ಇಲ್ಲಿ ಕೆಲವು ಸಂದರ್ಭ ಬಿಟ್ಟರೆ ಅವಧಿ ಹಾಕಿ ಮನೆ ಬಾಡಿಗೆ ಕೊಡುವಂತಿಲ್ಲ. ನಾವು ಬಿಡುವುದಾದರೆ ಒಂದು ತಿಂಗಳು ಮುಂಚೆ ಹೇಳಿದರೆ ಸಾಕು, ಅವರು ಬಿಡಿಸಬೇಕಾದರೆ ಕಾನೂನು ಒಪ್ಪುವ ಕಾರಣ ಬೇಕು. ಅಡ್ವಾನ್ಸ್ ಕೂಡ ಹಾಗೇ. 2023ರ ಜುಲೈ ಆದ ಮೇಲೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ನಮ್ಮನ್ನು ಕೇಳಿದ್ದು ಒಂದೇ ತಿಂಗಳದ್ದು. ಅಮ್ಮನಿಗೆ ಹೇಳಿದರೆ “ಒಂದೇ ತಿಂಗಳಾ? ಸರಿಯಾಗಿ ಕೇಳಿಸ್ಕೊಂಡ್ಯಾ?” ಅಂತ ಎರಡು ಸಲ ಕೇಳಿದರು.

ಕರಾರಿನ ಹಿಂದೆ ಮನೆಯದೊಂದು ಮಾರ್ಕ್ಸ್ ಕಾರ್ಡ್ ಇತ್ತು. ತಮಾಷೆ ಅಲ್ಲ. ಇಲ್ಲಿ ಪ್ರತಿ ಬಾಡಿಗೆ ಮನೆಗೂ ಅಂಕ ಹಾಕುತ್ತಾರೆ. ಎಷ್ಟು ಚದರ ಮೀಟರ್, ಅಡುಗೆಮನೆ ಹೇಗಿದೆ, ಬಚ್ಚಲು ಹೇಗಿದೆ, ಚಳಿ ಎಷ್ಟು ತಡೆಯುತ್ತದೆ, ಸರ್ಕಾರಿ ಲೆಕ್ಕದಲ್ಲಿ ಮನೆಯ ಬೆಲೆ ಎಷ್ಟು, ಎಲ್ಲದಕ್ಕೂ ಅಂಕ. 2025ರಿಂದ ಆ ಪಟ್ಟಿಯನ್ನು ಹೊಸ ಕರಾರಿನ ಜೊತೆ ಕೊಡಲೇಬೇಕು. 186 ಅಂಕದವರೆಗಿನ ಮನೆಗೆ ಬಾಡಿಗೆಯ ಮಿತಿ ಉಂಟು, ಆ ವರ್ಷ ಅದು ಹೆಚ್ಚೆಂದರೆ ಸುಮಾರು 1,185 ಯೂರೋ. 187 ಆದರೆ ಮಿತಿ ಇಲ್ಲ, ಅವರು ಹೇಳಿದ್ದೇ ಬಾಡಿಗೆ. ನಮ್ಮ ಮನೆಗೆ 194. ಮನೆ ಇನ್ನೊಂದು ಚೂರು ದಡ್ಡ ಆಗಿದ್ದಿದ್ದರೆ ತಿಂಗಳಿಗೆ ಆರುನೂರು ಯೂರೋ ಉಳಿಯುತ್ತಿತ್ತು. ಎಲ್ಲಾದರೂ ಎಂಟು ಅಂಕ ಜಾಸ್ತಿ ಕೊಟ್ಟಿದ್ದಾರಾ ಅಂತ ಟೇಪ್ ಹಿಡಿದು ರೂಮುಗಳನ್ನು ಅಳೆಯುವ ಆಸೆ ಇತ್ತು. ಆಮೇಲೆ ಅಳೆದೆ ಕೂಡ. ಅಳತೆ ಸರಿಯಾಗಿತ್ತು.

ಬಾಡಿಗೆ ಶುರುವಾಗಿದ್ದು 2025ರ ಫೆಬ್ರುವರಿ 1, ಶನಿವಾರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೀಲಿ ಕೊಡುತ್ತೇವೆ ಅಂದಿದ್ದರು. ಸೋಮವಾರ ಬಾಗಿಲು ತೆಗೆದರೆ ಬಿಳಿ ಗೋಡೆ, ಕೆಳಗೆ ಸಿಮೆಂಟು.

ನೆಲ ಇರಲಿಲ್ಲ. ಆ ಓಕ್ ಬಣ್ಣದ ಹಲಗೆ ಒಂದೂ ಇರಲಿಲ್ಲ. ಬೂದು ಸಿಮೆಂಟು, ಅಲ್ಲಲ್ಲಿ ಹಳೇ ಅಂಟಿನ ಕಲೆ. ಕರ್ಟನ್ ಇಲ್ಲ, ಕರ್ಟನ್ ರಾಡೂ ಇಲ್ಲ. ಚಾವಣಿಯಿಂದ ಎರಡು ವೈರು ಇಳಿಬಿದ್ದು, ತುದಿಗೆ ಬೆರಳುಗುರಿನಷ್ಟು ಪ್ಲಾಸ್ಟಿಕ್ ತುಂಡು. ಬಲ್ಬ್ ಹೋಲ್ಡರ್ ಕೂಡ ಬಿಚ್ಚಿಕೊಂಡು ಹೋಗಿದ್ದರು. ಟಾಯ್ಲೆಟ್‌ನಲ್ಲಿ ಕಾಗದದ ಸುರುಳಿ ಸಿಕ್ಕಿಸುವ ಕಡ್ಡಿ ಇದ್ದ ಕಡೆ ನಾಲ್ಕು ತೂತು, ಅದನ್ನೂ ನೀಟಾಗಿ ಮುಚ್ಚಿ ಬಿಳಿ ಬಳಿದಿದ್ದರು. ಮಗಳು ಹಾಲಿನ ಮಧ್ಯೆ ನಿಂತು “ಊ” ಅಂದಳು. ಮನೆ ತಿರುಗಿ “ಊ” ಅಂತು.

ತಪ್ಪು ಅವರದಲ್ಲ. ಅವರ ಕರಾರಿನಲ್ಲೂ ನಮ್ಮ ಕರಾರಿನಲ್ಲೂ ಅದೇ ಸಾಲಿದೆ: ಬೋಳು ತೆಗೆದುಕೊಂಡಿದ್ದನ್ನು ಬೋಳಾಗಿಯೇ ವಾಪಸ್ ಕೊಡಬೇಕು. ಮುಂದಿನವರು ನೆಲ ಕೊಂಡರೆ ಉಳಿಯುತ್ತದೆ, ಇಲ್ಲದಿದ್ದರೆ ಕೀಳಲೇಬೇಕು. ಅವರು ಕಿತ್ತಿದ್ದು ಕೋಪಕ್ಕಲ್ಲ. ನಾವು ಬೇಡ ಅಂದಿದ್ದಕ್ಕೆ. ಇದು ಅರ್ಥ ಆಗಲು ನನಗೆ ಅರ್ಧ ದಿನ ಹಿಡಿಯಿತು.

ಏಜೆನ್ಸಿಯ ಹುಡುಗಿ ಇದ್ಯಾವುದೂ ಹೊಸದಲ್ಲ ಅನ್ನುವ ಹಾಗೆ ಮೂಲೆ ಮೂಲೆಯ ಫೋಟೋ ತೆಗೆದಳು. ಬಚ್ಚಲಿನಲ್ಲಿ ಒಂದು ಟೈಲ್ ಬಿರುಕು ಬಿಟ್ಟಿತ್ತು. ಅದನ್ನು ಬರೆಯಿರಿ ಅಂತ ನಾನು ಹಠ ಹಿಡಿದೆ. ಬೆಂಗಳೂರಿನ ಪೇಂಟಿಂಗ್ ದುಡ್ಡು ನೆನಪಿತ್ತಲ್ಲ. ಅವಳು ಬರೆದು, ಫೋಟೋಗೆ ನಂಬರ್ ಹಾಕಿದಳು. ಆಮೇಲೆ ಬಾಗಿಲ ಪಕ್ಕದ ಬೀರುವಿನಂಥ ಗೂಡು ತೆಗೆದು, ಕರೆಂಟು, ಗ್ಯಾಸು, ನೀರು ಮೂರರ ಮೀಟರ್ ಓದಿ ಬರೆದುಕೊಂಡಳು. ಅಟ್ಟದಲ್ಲಿ ಮನೆ ಬಿಸಿ ಮಾಡುವ ಬಾಯ್ಲರ್ ತೋರಿಸಿ, ಮುಳ್ಳು ಒಂದು ಬಾರ್‌ಗಿಂತ ಕೆಳಗೆ ಇಳಿದರೆ ಈ ಪೈಪ್ ಹಾಕಿ ನೀರು ತುಂಬಿಸಿ ಅಂದಳು. ನಲ್ಲಿ ವಾಷರ್ ಹೋದರೆ, ಮೋರಿ ಕಟ್ಟಿಕೊಂಡರೆ, ಬೇಲಿ ಬೆಳೆದರೆ ನಮ್ಮ ಕೆಲಸ. ಬಾಯ್ಲರ್ ಕೆಟ್ಟರೆ ಅವರದು. ಕೈಗೆ ಮೂರು ಕೀಲಿ ಕೊಟ್ಟು, ಶುಭವಾಗಲಿ ಅಂತ ಹೇಳಿ ಸೈಕಲ್ ಹತ್ತಿದಳು.

ವಿಳಾಸ ಬದಲಾಗಿದ್ದನ್ನು ಪುರಸಭೆಗೆ ಐದು ದಿನದೊಳಗೆ ತಿಳಿಸಬೇಕು. ಆನ್‌ಲೈನಲ್ಲಿ ಹತ್ತು ನಿಮಿಷದ ಕೆಲಸ, ಅದರ ಬಗ್ಗೆ ಹೇಳಲು ಏನೂ ಇಲ್ಲ. ಹೇಳಬೇಕಾಗಿರುವುದು ನೆಲದ ಬಗ್ಗೆ.

ಹಾಕಿಸುವ ಕೂಲಿ ಕೇಳಿದ ಮೇಲೆ ನಾವೇ ಹಾಕುವುದು ಅಂತ ತೀರ್ಮಾನ ಆಯಿತು. ಕೆಳಗಿನ ಮಹಡಿಗೆ 42 ಚದರ ಮೀಟರ್ ಲ್ಯಾಮಿನೇಟ್, ಕತ್ತರಿಸುವಾಗ ಹಾಳಾಗುತ್ತದೆ ಅಂತ ಸ್ವಲ್ಪ ಜಾಸ್ತಿ. ಅಂಗಡಿಯವನು ಒಂದು ಮಾತು ಹೇಳಿದ. ತಂದ ತಕ್ಷಣ ಹಾಕಬೇಡಿ, ಡಬ್ಬ ಒಡೆಯದೆ ಅದೇ ರೂಮಿನಲ್ಲಿ ಎರಡು ದಿನ ಮಲಗಿಸಿ. ಹಲಗೆ ಆ ರೂಮಿನ ಹವೆಗೆ ಹೊಂದಿಕೊಳ್ಳಬೇಕಂತೆ. ಇಲ್ಲದಿದ್ದರೆ ಆಮೇಲೆ ಉಬ್ಬುತ್ತದೆ. ಹಾಗಾಗಿ ಎರಡು ರಾತ್ರಿ ಹಲಗೆಗಳು ಕೆಳಗೆ ಮಲಗಿದವು, ನಾವು ಮೇಲೆ ಗಾಳಿ ಹಾಸಿಗೆಯಲ್ಲಿ ಮಲಗಿದೆವು. ಯಾರು ಹೆಚ್ಚು ಹೊಂದಿಕೊಂಡರೋ ಗೊತ್ತಿಲ್ಲ.

ಕರ್ಟನ್ ಇಲ್ಲದ ಮನೆಯಲ್ಲಿ ರಾತ್ರಿ ದೀಪ ಹಾಕಿದರೆ ನಾಟಕದ ಸ್ಟೇಜ್ ಮೇಲೆ ಕೂತ ಹಾಗೆ. ಬೀದಿ ಕಡೆ ಗೋಡೆ ಅಗಲದ ಕಿಟಕಿ. ಇಲ್ಲಿಯವರು ಕರ್ಟನ್ ಇದ್ದರೂ ಎಳೆಯುವುದಿಲ್ಲ. ಎದುರು ಮನೆಯವರು ಸೂಪ್ ಕುಡಿಯುವುದು ಪೂರ್ತಿ ಕಾಣುತ್ತದೆ, ಆದರೆ ನೋಡಬಾರದು. ನನಗೆ ಅಷ್ಟು ಧೈರ್ಯ ಸಾಲದು. ಸೂಟ್‌ಕೇಸಿನಲ್ಲಿ ಇವರ ಮದುವೆಯ ಜರಿ ಅಂಚಿನ ಪಂಚೆ ಎರಡಿದ್ದವು. ಅದನ್ನೇ ಟೇಪು ಹಾಕಿ ಕಿಟಕಿಗೆ ಅಂಟಿಸಿದೆ. ಅಂಚು ಕೆಳಗೆ ಬರುವ ಹಾಗೆ, ನೋಡಲು ಚೆನ್ನಾಗಿರಲಿ ಅಂತ.

ವಾರವೆಲ್ಲ ಆಫೀಸು. ಹಾಗಾಗಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆವು. ಮೊದಲು ಸ್ಪಂಜಿನಂಥ ತೆಳು ಹಾಸು. ಅದರ ಮೇಲೆ ಮೊದಲ ಸಾಲು. ಗೋಡೆಗೆ ತಾಗಿಸಬಾರದು, ಬೆರಳು ಅಗಲ ಜಾಗ ಬಿಡಬೇಕು, ಅದಕ್ಕೆ ಮರದ ಚಿಕ್ಕ ಬೆಣೆ ಸಿಕ್ಕಿಸಬೇಕು. ಒಂದರ ನಾಲಿಗೆ ಇನ್ನೊಂದರ ಬಾಯಿಗೆ ಓರೆಯಾಗಿ ಇಟ್ಟು ಒತ್ತಿದರೆ ಟಕ್ ಅನ್ನಬೇಕು. ಟಕ್ ಅನ್ನದಿದ್ದರೆ ಸರಿಯಾಗಿ ಕೂತಿಲ್ಲ ಅಂತ. ಮೂರನೇ ಸಾಲಿಗೆ ಕೈ ಪಳಗಿತು. ಬಾಡಿಗೆಗೆ ತಂದ ವಿದ್ಯುತ್ ಗರಗಸದಲ್ಲಿ ಇವರು ಕೊಯ್ಯುವುದು, ನಾನು ಕೂಡಿಸುವುದು. ಗರಗಸ ಇಡೀ ಸಾಲು ಮನೆಗೆ ಕೇಳುವ ಹಾಗೆ ಕಿರುಚುತ್ತಿತ್ತು.

ಹತ್ತೂವರೆಗೆ ಬೆಲ್ಲಾಯಿತು. ಪಕ್ಕದ ಮನೆ ಅಜ್ಜಿ. ಎಪ್ಪತ್ತೈದಿರಬಹುದು. ಕೆಂಪು ಸ್ವೆಟರ್, ಕೈಯಲ್ಲಿ ಕಾಫಿ ಲೋಟ. ಮುಗುಳ್ನಕ್ಕು ಒಂದೇ ವಾಕ್ಯ ಹೇಳಿದರು. “ಇವತ್ತು ಭಾನುವಾರ.”

ನನ್ನ ಡಚ್ ಆಗ ಒಂದನೇ ಕ್ಲಾಸಿನದು. ವಾರಗಳ ಹೆಸರು ಚೆನ್ನಾಗಿ ಗೊತ್ತಿತ್ತು. ನನ್ನ ಡಚ್ ಪರೀಕ್ಷೆ ಮಾಡುತ್ತಿದ್ದಾರೆ ಅನಿಸಿ ಖುಷಿಯಿಂದ “ಹೌದು, ಭಾನುವಾರ! ನಾಳೆ ಸೋಮವಾರ!” ಅಂದೆ.

ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕಾಫಿ ಲೋಟದಿಂದ ಒಳಗಿದ್ದ ಗರಗಸದ ಕಡೆ ತೋರಿಸಿ, ಇನ್ನೊಂದು ಕೈಯನ್ನು ಕಿವಿಯ ಹತ್ತಿರ ತಂದರು. ಆಗ ಹೊಳೆಯಿತು. ಮುಖ ಕೆಂಪಾಯಿತು. ಇವರು ಗರಗಸದ ವೈರು ಕಿತ್ತು ಕೈ ಮುಗಿದುಬಿಟ್ಟರು, ದೇವಸ್ಥಾನದಲ್ಲಿ ಮುಗಿದ ಹಾಗೆ. ಅಜ್ಜಿ ಒಳಗೆ ಇಣುಕಿ, ಮೂರು ಸಾಲು ನೋಡಿ, ಕಿಟಕಿಯ ಪಂಚೆ ನೋಡಿ, ತಲೆಯಾಡಿಸಿ ಹೋದರು.

ಅವತ್ತು ಪೂರ್ತಿ ನಾವು ಸಿಮೆಂಟಿನ ಮೇಲೆ ಪಿಸುಗುಟ್ಟುತ್ತಾ ಓಡಾಡಿದೆವು. ಮಧ್ಯಾಹ್ನ ಬೇಳೆಗೆ ಕುಕ್ಕರ್ ಇಡಲೂ ಹೆದರಿಕೆ. ಪಾತ್ರೆಯಲ್ಲೇ ಬೇಯಿಸಿದೆ. ಮಗಳು “ಮಾತಾಡಬಹುದಾ?” ಅಂತ ಕೇಳಿದಳು. ಈ ಬೀದಿಯ ಮೌನ ಎಲ್ಲಿಂದ ಬರುತ್ತದೆ ಅಂತ ನನಗೆ ಆಗ ಗೊತ್ತಾಗಿದ್ದು. ಸುಮ್ನೆ ಇರುವುದಲ್ಲ ಅದು. ಒಬ್ಬೊಬ್ಬರೂ ಕಾಯುವುದು.

ಸೋಮವಾರ ಸಂಜೆ ಆರಕ್ಕೆ ಮತ್ತೆ ಬೆಲ್ಲು. ಅಜ್ಜಿಯೇ. ಎದೆ ಧಸಕ್ ಅಂತು. ಅವರ ಕೈಯಲ್ಲಿ ಮಂಡಿಗೆ ಕಟ್ಟಿಕೊಳ್ಳುವ ದಪ್ಪ ಪ್ಯಾಡ್ ಒಂದು ಜೊತೆ ಇತ್ತು, ಗಂಡ ಬದುಕಿದ್ದಾಗ ಬಳಸುತ್ತಿದ್ದರಂತೆ. ನನ್ನ ಮಂಡಿ ತೋರಿಸಿ ಕೊಟ್ಟರು. ಎಂಟು ಗಂಟೆಯವರೆಗೆ ಗರಗಸ ಓಡಿಸಬಹುದು ಅಂತ ಬೆರಳಿನಲ್ಲಿ ಎಂಟು ತೋರಿಸಿದರು. ನಾಲ್ಕು ಸಂಜೆಯಲ್ಲಿ ನೆಲ ಮುಗಿಯಿತು. ಐದನೇ ಸಂಜೆ ಅವರನ್ನು ಕರೆದು ಕೇಸರಿಬಾತ್ ಕೊಟ್ಟೆ. ಅರ್ಧ ತಿಂದು, ಉಳಿದಿದ್ದನ್ನು ನಾಳೆಗೆ ಅಂತ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ಹಲಗೆ, ಹಾಸು, ಅಂಚುಪಟ್ಟಿ, ಗರಗಸದ ಬಾಡಿಗೆ ಎಲ್ಲಾ ಸೇರಿ 1,340 ಯೂರೋ ಆಯಿತು. ಮೂರು ಹಲಗೆ ಉಳಿದವು. ಅವು ಸೈಕಲ್ ಗೂಡಿನಲ್ಲಿವೆ.

ಮೇ ತಿಂಗಳಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಹಳೇ ಬಾಡಿಗೆದಾರರು ಸಿಕ್ಕಿದರು. ಆಲೂಗಡ್ಡೆ ಹತ್ತಿರ ನಿಂತಿದ್ದರು. ಅವರೇ ಗುರುತು ಹಿಡಿದು ಮಾತಾಡಿಸಿದರು. ಮನೆ ಹೇಗಿದೆ, ಬಾಯ್ಲರ್ ಸರಿ ಇದೆಯಾ, ಅಜ್ಜಿ ಹೇಗಿದ್ದಾರೆ. ಆಮೇಲೆ ನೆಲಕ್ಕೆ ಎಷ್ಟಾಯಿತು ಅಂತ ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಹಾಂ, ನಾನು 900 ಕೇಳಿದ್ದೆ ಅಂದರು, ಲೆಕ್ಕ ಒಪ್ಪಿಸುವ ಹಾಗೆ. ಹಳೇ ನೆಲ ಏನು ಮಾಡಿದಿರಿ ಅಂದೆ. ಕಿತ್ತು, ಪುರಸಭೆಯ ಕಸದ ಜಾಗಕ್ಕೆ ಹಾಕಿ ಬಂದೆ ಅಂದರು. ಕರ್ಟನ್ ಮಾತ್ರ ಹೊಸ ಮನೆಗೆ ಒಯ್ದಿದ್ದರಂತೆ. ಅಲ್ಲಿಯ ಕಿಟಕಿಗೆ ಒಂದು ಗೇಣು ಗಿಡ್ಡ ಆಯಿತಂತೆ. ಹಾಗೇ ಮಡಿಚಿಟ್ಟಿದ್ದೇನೆ, ಬೇಕಾ ಅಂತ ಕೇಳಿದರು.

“ಎಷ್ಟು?” ಅಂದೆ.